ಅಕ್ಕನಿಗೆ ವಯಸ್ಸು, ತಮ್ಮನಿಗೆ ಕಲ್ಲು: ಡೊಂಬಿವಲಿಯ ಒಂದು ಪ್ಯಾರಾಥೈರಾಯ್ಡ್ ಪ್ರಕರಣ

ಒಂದೇ ತಾಯಿಯ ಮಕ್ಕಳು. ಅಕ್ಕನಿಗೆ 56, ತಮ್ಮನಿಗೆ 47. ಮೂಲ ಕುಂದಾಪುರದ ಕಡೆ. ಅಕ್ಕ ಮುಂಬೈ ಹತ್ತಿರದ ಡೊಂಬಿವಲಿ ಪೂರ್ವದಲ್ಲಿ ಮನೆಯಲ್ಲೇ ಚಕ್ಕುಲಿ, ಕೋಡುಬಳೆ ಮಾಡಿ ಅಂಗಡಿಗಳಿಗೆ ಕೊಡುತ್ತಾರೆ. ತಮ್ಮ ಠಾಣೆಯ ಒಂದು ಹೋಟೆಲಿನಲ್ಲಿ ಮ್ಯಾನೇಜರ್. ಇಬ್ಬರ ಕುತ್ತಿಗೆಯಲ್ಲೂ ಇದ್ದದ್ದು ಒಂದೇ ಕಾಯಿಲೆ. ತಮ್ಮನದು ಎರಡೇ ತಿಂಗಳಲ್ಲಿ ಪತ್ತೆಯಾಯಿತು. ಅಕ್ಕನದಕ್ಕೆ ಮೂರು ವರ್ಷ ಹಿಡಿಯಿತು, ಅದೂ ತಮ್ಮನ ದೆಸೆಯಿಂದ.

ನಾನು ಡಾಕ್ಟರ್ ಅಲ್ಲ, ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಟೆಕ್ನಿಷಿಯನ್. ಈ ಮನೆಯವರನ್ನು ಕನ್ನಡ ಸಂಘದಿಂದಾಗಿ ಬಲ್ಲೆ. ಇಬ್ಬರ ಫೈಲುಗಳನ್ನೂ ಪೂರ್ತಿ ನೋಡಿದ್ದೇನೆ. ಅವರನ್ನು ಕೇಳಿಯೇ, ಗುರುತು ಸಿಗದ ಹಾಗೆ ಒಂದೆರಡು ವಿವರ ಬದಲಿಸಿ ಬರೆಯುತ್ತಿದ್ದೇನೆ.

ಪ್ಯಾರಾಥೈರಾಯ್ಡ್ ಬೇರೆ, ಥೈರಾಯ್ಡ್ ಬೇರೆ. ಥೈರಾಯ್ಡ್‌ನ ಬೆನ್ನಿಗೆ ಅಂಟಿಕೊಂಡ ನಾಲ್ಕು ಪುಟ್ಟ ಗ್ರಂಥಿಗಳು ಇವು. ಒಂದೊಂದೂ ಅಕ್ಕಿ ಕಾಳಿನಷ್ಟು, ತೂಕ 30ರಿಂದ 50 ಮಿಲಿಗ್ರಾಂ. ರಕ್ತದಲ್ಲಿ ಕ್ಯಾಲ್ಸಿಯಂ ಇಳಿದರೆ ಪಿಟಿಎಚ್ ಎಂಬ ಹಾರ್ಮೋನು ಬಿಡುತ್ತವೆ. ಅದು ಮೂಳೆಯಿಂದ ಕ್ಯಾಲ್ಸಿಯಂ ತೆಗೆಸುತ್ತದೆ. ವಿಟಮಿನ್ ಡಿಯನ್ನು ಚುರುಕು ಮಾಡಿ ಕರುಳಿನಿಂದಲೂ ಎಳೆಸುತ್ತದೆ. ಕ್ಯಾಲ್ಸಿಯಂ ಸಾಕಷ್ಟಾದ ಮೇಲೆ ಸುಮ್ಮನಾಗಬೇಕು. ಈ ಕಾಯಿಲೆಯಲ್ಲಿ (ಡಾಕ್ಟರುಗಳ ಮಾತಿನಲ್ಲಿ ಹೈಪರ್‌ಪ್ಯಾರಾಥೈರಾಯ್ಡಿಸಂ) ಸುಮ್ಮನಾಗುವುದಿಲ್ಲ. ನೂರರಲ್ಲಿ 80–85 ಜನರಲ್ಲಿ ಒಂದೇ ಗ್ರಂಥಿ ಬೆಳೆದು ತನ್ನಷ್ಟಕ್ಕೆ ಹಾರ್ಮೋನು ಸುರಿಯುತ್ತಿರುತ್ತದೆ. ಉಳಿದವರಲ್ಲಿ ಒಂದಕ್ಕಿಂತ ಹೆಚ್ಚು ಗ್ರಂಥಿ ಕೆಟ್ಟಿರುತ್ತವೆ. ಕ್ಯಾನ್ಸರ್ ಇರುವುದು ನೂರರಲ್ಲಿ ಒಬ್ಬರಿಗಿಂತ ಕಡಿಮೆ.

ಹೆಂಗಸರಲ್ಲಿ ಇದು ಗಂಡಸರಿಗಿಂತ ಮೂರು-ನಾಲ್ಕು ಪಟ್ಟು ಜಾಸ್ತಿ. ಅದರಲ್ಲೂ ಮುಟ್ಟು ನಿಂತ ಮೇಲೆ. ಚಿಕ್ಕ ವಯಸ್ಸಿನ ರೋಗಿಗಳಲ್ಲಿ ಗಂಡು ಹೆಣ್ಣಿನ ಲೆಕ್ಕ ಹೆಚ್ಚುಕಡಿಮೆ ಸಮ ಇರುತ್ತದೆ. ಆಮೇಲೆ ಹೆಂಗಸರ ಕಡೆ ಏರುತ್ತಾ ಹೋಗುತ್ತದೆ. ಈಸ್ಟ್ರೋಜನ್ ಇರುವವರೆಗೆ ಮೂಳೆ ಪಿಟಿಎಚ್‌ನ ಮಾತನ್ನು ಅಷ್ಟಾಗಿ ಕೇಳುವುದಿಲ್ಲ. ಈಸ್ಟ್ರೋಜನ್ ಹೋದ ಮೇಲೆ ಕೇಳತೊಡಗುತ್ತದೆ. ಅಲ್ಲಿಯವರೆಗೆ ಒಳಗೇ ಇದ್ದದ್ದು ಆಗ ರಕ್ತದಲ್ಲಿ ಕಾಣುತ್ತದೆ. ಈ ಗ್ರಂಥಿಯ ಕ್ಯಾನ್ಸರ್ ಮಾತ್ರ ಗಂಡು ಹೆಣ್ಣು ಇಬ್ಬರಿಗೂ ಸಮವಾಗಿ ಬರುತ್ತದೆ.

ತಮ್ಮನ ದಾರಿ

ಇವರದು ಚಿಕ್ಕ ಕಥೆ. ಒಂದು ರಾತ್ರಿ ಹೋಟೆಲ್ ಮುಚ್ಚುವ ಹೊತ್ತಿಗೆ ಎಡ ಸೊಂಟದಿಂದ ತೊಡೆಸಂದಿಗೆ ಇಳಿಯುವ ನೋವು ಬಂತು. ನಿಂತಲ್ಲಿ ನಿಲ್ಲಲಾಗದ ನೋವು. ಹುಡುಗರು ರಿಕ್ಷಾದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಒಯ್ದರು. ಸಿಟಿ ಸ್ಕ್ಯಾನ್‌ನಲ್ಲಿ ಎಡ ಮೂತ್ರನಾಳದಲ್ಲಿ ಒಂದು ಕಲ್ಲು, ಬಲ ಕಿಡ್ನಿಯಲ್ಲಿ ಎರಡು. ಐದು ವರ್ಷದ ಹಿಂದೆಯೂ ಒಂದು ಕಲ್ಲು ಬಿದ್ದಿತ್ತು. ಎರಡನೇ ಸಲ ಕಲ್ಲು ಕಂಡ ಯುರಾಲಜಿಸ್ಟ್ ಕಾರಣ ಹುಡುಕದೆ ಬಿಡಲಿಲ್ಲ. ಕ್ಯಾಲ್ಸಿಯಂ 11.5 ಬಂತು. ಮಾಮೂಲು 8.5ರಿಂದ 10.2. ಪಿಟಿಎಚ್ 236, ಮಾಮೂಲು 15ರಿಂದ 65. ಹಾರ್ಮೋನಿನ ಡಾಕ್ಟರ್, ಅಂದರೆ ಎಂಡೋಕ್ರೈನಾಲಜಿಸ್ಟ್ ಹತ್ತಿರ ಕಳಿಸಿದರು.

ಗಂಡಸರಲ್ಲಿ ಈ ಕಾಯಿಲೆ ಕಡಿಮೆ. ಆದರೆ ಬಂದವರಲ್ಲಿ ಕಲ್ಲಿನ ಪಾಲು ಹೆಂಗಸರಿಗಿಂತ ಜಾಸ್ತಿ. ಕಲ್ಲು ಅಂದ ಮೇಲೆ ನೋವು, ನೋವು ಅಂದ ಮೇಲೆ ಸ್ಕ್ಯಾನು, ಅಲ್ಲಿಂದ ಸ್ಪೆಷಲಿಸ್ಟು. ನೋವಿಗೆ ಅಷ್ಟಾದರೂ ಗುಣ ಇದೆ, ಯಾರೂ ಅದನ್ನು ಬದಿಗಿಡಲಾರರು.

ಅಕ್ಕನ ಫೈಲು

ಎಂಡೋಕ್ರೈನಾಲಜಿಸ್ಟ್ ತಮ್ಮನಿಗೆ ಕೇಳಿದ ಮೊದಲ ಪ್ರಶ್ನೆಗಳಲ್ಲಿ ಒಂದು: "ಮನೆಯಲ್ಲಿ ಬೇರೆ ಯಾರಿಗಾದರೂ ಕ್ಯಾಲ್ಸಿಯಂ ಜಾಸ್ತಿ ಇದೆಯಾ? ಕಲ್ಲು, ಮೂಳೆ ಮುರಿತ, ಹೊಟ್ಟೆ ಹುಣ್ಣು?" ಈ ಪ್ರಶ್ನೆಗೆ ಕಾರಣ ಇದೆ, ಮುಂದೆ ಹೇಳುತ್ತೇನೆ. ಇವರು ತಲೆ ಕೆರೆದುಕೊಂಡು, "ಅಕ್ಕನ ಕೈ ಮುರಿದಿತ್ತು" ಅಂದರು. ಆ ಭಾನುವಾರವೇ ಅಕ್ಕನ ಮನೆಗೆ ಹೋಗಿ, ಕಪಾಟಿನ ಮೇಲಿದ್ದ ಪ್ಲಾಸ್ಟಿಕ್ ಚೀಲ ಇಳಿಸಿ, ನನಗೆ ಫೋನ್ ಮಾಡಿದರು.

ಅದರಲ್ಲಿ ಮೂರು ವರ್ಷದ ಕಾಗದ. ಮೊದಲನೆಯದು ರಿಯಾಯಿತಿ ದರದ ಫುಲ್ ಬಾಡಿ ಪ್ಯಾಕೇಜಿನದು. ನಾಲ್ಕನೇ ಪುಟದ ಕೆಳಗೆ, ಯೂರಿಕ್ ಆಸಿಡ್ ಮತ್ತು ರಂಜಕದ ನಡುವೆ, ಕ್ಯಾಲ್ಸಿಯಂ 10.9, ಪಕ್ಕದಲ್ಲಿ ಸಣ್ಣ 'ಎಚ್' ಅಕ್ಷರ, ಅಂದರೆ ಹೈ, ಜಾಸ್ತಿ. ರಂಜಕ 2.4, ಅದು ಕೆಳಗಂಚಿಗಿಂತಲೂ ಕಡಿಮೆ. ಎರಡನೇ ಪುಟದಲ್ಲಿ ವಿಟಮಿನ್ ಡಿ 14. ಅದನ್ನು ಯಾರೋ ನೀಲಿ ಪೆನ್ನಿನಲ್ಲಿ ಎರಡು ಸುತ್ತು ಹಾಕಿದ್ದರು. ಕ್ಯಾಲ್ಸಿಯಂಗೆ ಸುತ್ತು ಇರಲಿಲ್ಲ.

ವಿಟಮಿನ್ ಡಿ ಕಡಿಮೆ ಇದ್ದರೆ ಕ್ಯಾಲ್ಸಿಯಂ ಇಳಿಯಬೇಕು, ಅಲ್ವಾ? ಡಿ 14 ಇದ್ದೂ ಕ್ಯಾಲ್ಸಿಯಂ ಮೇಲಿದೆ ಅಂದರೆ ಅದನ್ನು ಯಾವುದೋ ಎತ್ತಿ ಹಿಡಿದಿದೆ ಎಂದರ್ಥ. ನಮ್ಮಲ್ಲಿ ಡಿ ಕೊರತೆ ಮನೆಮನೆಯಲ್ಲಿದೆ. ಅದು ಕ್ಯಾಲ್ಸಿಯಂ ಏರಿಕೆಯನ್ನು ಒಂದಿಷ್ಟು ಮುಚ್ಚಿಯೂ ಬಿಡುತ್ತದೆ.

ಮೈಕೈ ನೋವು, ಸುಸ್ತು, ನಿದ್ದೆ ಇಲ್ಲ, ಮಲಬದ್ಧತೆ, ಮರೆವು, ಸುಮ್ಸುಮ್ನೆ ಅಳು ಬರುವುದು. ಅಕ್ಕ ಹೇಳಿಕೊಂಡದ್ದು ಇಷ್ಟು. ಸಿಕ್ಕ ಉತ್ತರ: "ಮುಟ್ಟು ನಿಂತಿದೆಯಲ್ಲ, ಈ ವಯಸ್ಸಿಗೆ ಇದೆಲ್ಲ ಇದ್ದದ್ದೇ." ಚೀಟಿಯಲ್ಲಿ ಕ್ಯಾಲ್ಸಿಯಂ ಮಾತ್ರೆ, 60,000 ಯೂನಿಟ್‌ನ ವಿಟಮಿನ್ ಡಿ ಸ್ಯಾಶೆ, ನಿದ್ದೆಗೊಂದು ಗುಳಿಗೆ. ಕ್ಯಾಲ್ಸಿಯಂ ಜಾಸ್ತಿ ಇದ್ದವರಿಗೆ ಕ್ಯಾಲ್ಸಿಯಂ! ಬರೆದವರು ಕೆಟ್ಟವರಲ್ಲ, ದಿನಕ್ಕೆ ನೂರು ರೋಗಿ ನೋಡುವವರು. ಆದರೆ ಇದೇ 10.9 ಕಲ್ಲು ಬಿದ್ದ ಗಂಡಸಿನ ಕಾಗದದಲ್ಲಿ ಇದ್ದಿದ್ದರೆ ನೀಲಿ ಪೆನ್ನು ಅಲ್ಲೇ ನಿಲ್ಲುತ್ತಿತ್ತು ಅಂತ ನನ್ನ ಲೆಕ್ಕ. ನಮ್ಮ ಕೌಂಟರಿಗೆ ಬರುವ ಚೀಟಿಗಳಲ್ಲೂ ಇದೇ ಕಾಣುತ್ತದೆ. ಮಧ್ಯವಯಸ್ಸಿನ ಹೆಂಗಸಿನ ಸುಸ್ತಿಗೆ ಥೈರಾಯ್ಡ್, ಬಿ12, ಡಿ, ಹಿಮೋಗ್ಲೋಬಿನ್. ಕ್ಯಾಲ್ಸಿಯಂ ಬರೆದಿರುವುದು ಅಪರೂಪ. ಪಿಟಿಎಚ್ ಅಂತೂ ಕೇಳಲೇಬೇಡಿ.

ಒಂದೂವರೆ ವರ್ಷದ ಹಿಂದೆ ಅಕ್ಕ ಬಾಲ್ಕನಿಯಲ್ಲಿ ಸ್ಟೂಲಿನಿಂದ ಜಾರಿ ಬಲ ಮಣಿಕಟ್ಟು ಮುರಿದುಕೊಂಡರು. ಪ್ಲಾಸ್ಟರ್ ಹಾಕಿದರು, ಬಿಚ್ಚಿದರು. ಅಷ್ಟು ಎತ್ತರದಿಂದ ಬಿದ್ದದ್ದಕ್ಕೆ ಮೂಳೆ ಯಾಕೆ ಮುರಿಯಿತು ಎಂದು ಯಾರೂ ಕೇಳಲಿಲ್ಲ. ಆಮೇಲೆ ಚಕ್ಕುಲಿ ಒರಳು ಒತ್ತಲು ಕೈಗೆ ಬಲ ಬರಲಿಲ್ಲ. ಕೆಲಸಕ್ಕೆ ಒಬ್ಬ ಹುಡುಗಿಯನ್ನು ಇಟ್ಟುಕೊಂಡರು.

ಪರೀಕ್ಷೆಗಳಲ್ಲಿ ಆದದ್ದು

ಇದು ನನ್ನ ಕಸುಬಿನ ಭಾಗ, ಸ್ವಲ್ಪ ಉದ್ದ ಆಗುತ್ತದೆ.

ಅಕ್ಕನಿಗೆ ಮತ್ತೆ ಕ್ಯಾಲ್ಸಿಯಂ ನೋಡಿದೆವು. ತೋಳಿಗೆ ಪಟ್ಟಿ ಬಿಗಿದು ಜಾಸ್ತಿ ಹೊತ್ತು ಬಿಟ್ಟರೆ ಕ್ಯಾಲ್ಸಿಯಂ ಸುಳ್ಳೇ ಏರುತ್ತದೆ. ಹಾಗಾಗಿ ಪಟ್ಟಿ ಕಟ್ಟಿ ಸೂಜಿ ಹೋದ ಕೂಡಲೇ ಸಡಿಲಿಸಿ ರಕ್ತ ತೆಗೆದದ್ದು. ಜೊತೆಗೆ ಆಲ್ಬುಮಿನ್, ರಕ್ತದಲ್ಲಿ ಕ್ಯಾಲ್ಸಿಯಂ ಅಂಟಿಕೊಂಡಿರುವ ಪ್ರೋಟೀನು. ಅದು 4ಕ್ಕಿಂತ ಎಷ್ಟು ಕಡಿಮೆಯೋ ಅದರ 0.8ರಷ್ಟನ್ನು ಕ್ಯಾಲ್ಸಿಯಂಗೆ ಸೇರಿಸಿ ಓದಬೇಕು. ಬಂದದ್ದು 11.3.

ಪಿಟಿಎಚ್ ಬಂದದ್ದು 61. ಎಚ್ ಇಲ್ಲ, ಎಲ್ ಇಲ್ಲ, ಎಲ್ಲ ನಾರ್ಮಲ್. ಇಲ್ಲೇ ಎಷ್ಟೋ ಫೈಲುಗಳು ಮುಚ್ಚಿಹೋಗುತ್ತವೆ. ಕ್ಯಾಲ್ಸಿಯಂ 11.3 ಇರುವಾಗ ಆರೋಗ್ಯವಂತ ಪ್ಯಾರಾಥೈರಾಯ್ಡ್ ಬಾಯಿ ಮುಚ್ಚಿಕೊಂಡಿರಬೇಕು, ಪಿಟಿಎಚ್ ತಳಕ್ಕೆ ಇಳಿದಿರಬೇಕು. 61 ಅಂದರೂ ಅದು ತಪ್ಪೇ. ಎಂಡೋಕ್ರೈನಾಲಜಿಸ್ಟ್ ಅದನ್ನು ಹೇಳಿ, ಇನ್ನೊಂದು ಪ್ರಶ್ನೆ ಹಾಕಿದರು: "ಕೂದಲಿಗೆ ಏನಾದರೂ ಮಾತ್ರೆ ತಗೊಳ್ತೀರಾ?"

ತೆಗೆದುಕೊಳ್ಳುತ್ತಿದ್ದರು. ಕೂದಲು ಉದುರುತ್ತದೆ ಅಂತ 10 ಮಿಲಿಗ್ರಾಂ ಬಯೋಟಿನ್, ದಿನಾ. ಪಿಟಿಎಚ್ ಅಳೆಯುವ ಕೆಲವು ಯಂತ್ರಗಳ ರಾಸಾಯನಿಕದಲ್ಲೇ ಬಯೋಟಿನ್ ಇರುತ್ತದೆ. ರಕ್ತದಲ್ಲೂ ಅದು ತುಂಬಿದ್ದರೆ ಲೆಕ್ಕ ತಪ್ಪಿ, ಪಿಟಿಎಚ್ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ಒಂದು ವಾರ ಮಾತ್ರೆ ಬಿಡಿಸಿ ಮತ್ತೆ ಮಾಡಿದಾಗ 188. ಕೂದಲಿನ ಮಾತ್ರೆ ನುಂಗುವವರು ಹೆಚ್ಚಾಗಿ ಹೆಂಗಸರು. ಕಾಯಿಲೆ ಜಾಸ್ತಿ ಇರುವುದೂ ಅವರಲ್ಲೇ. ಪಿಟಿಎಚ್ ಅಥವಾ ಥೈರಾಯ್ಡ್ ಪರೀಕ್ಷೆಗೆ ಬಂದವರನ್ನು ನಾನಂತೂ ಈಗ ಬಯೋಟಿನ್ ಬಗ್ಗೆ ಕೇಳದೆ ಸೂಜಿ ಎತ್ತುವುದಿಲ್ಲ.

ಬಿಪಿ ಮಾತ್ರೆಯಲ್ಲಿ ಕ್ಲೋರ್ಥಾಲಿಡೋನ್ ಇತ್ತು. ಆ ಜಾತಿಯ ಮದ್ದು ಮೂತ್ರದಲ್ಲಿ ಕ್ಯಾಲ್ಸಿಯಂ ಹೋಗುವುದನ್ನು ತಡೆದು ರಕ್ತದಲ್ಲಿ ಏರಿಸುತ್ತದೆ. ಅದನ್ನು ಬದಲಿಸಿ ಕೆಲವು ವಾರ ಕಾದು ನೋಡಿದರು. ಕ್ಯಾಲ್ಸಿಯಂ 11.2. ಮಾತ್ರೆಯ ದೋಷ ಅಲ್ಲ.

ಆಮೇಲೆ 24 ಗಂಟೆಯ ಮೂತ್ರ. ಇದನ್ನು ಯಾರೂ ಖುಷಿಯಿಂದ ಮಾಡುವುದಿಲ್ಲ. ಐದು ಲೀಟರ್ ಕ್ಯಾನು, ಒಳಗೆ ಆಸಿಡ್, ಒಂದು ಬೆಡ್‌ರೂಮಿನ ಮನೆಯಲ್ಲಿ ಎಲ್ಲರ ಕಣ್ಣೆದುರು ಇಡಬೇಕು. ತಮ್ಮ ಹೋಟೆಲಿಗೆ ರಜೆ ಹಾಕಿ ಮಾಡಿ ಮುಗಿಸಿದರು. ಅಕ್ಕನಿಗೆ ರಜೆ ಎಲ್ಲಿ? ದೀಪಾವಳಿಯ ಆರ್ಡರ್ ಮುಗಿಯುವವರೆಗೆ ಮುಂದೆ ಹಾಕಿದರು. ಕೊನೆಗೆ ಬಂದ ಲೆಕ್ಕ: ತಮ್ಮನಿಗೆ ದಿನಕ್ಕೆ 384 ಮಿಲಿಗ್ರಾಂ ಕ್ಯಾಲ್ಸಿಯಂ, ಅಕ್ಕನಿಗೆ 268.

ಹೆಣ್ಣು-ಗಂಡಿನ ವಿಷಯದಲ್ಲಿ ಈ ಎರಡು ಸಂಖ್ಯೆಗಳು ನನಗೆ ಎಲ್ಲಕ್ಕಿಂತ ಹಿಡಿಸಿದವು. 2014ರ ಅಂತರರಾಷ್ಟ್ರೀಯ ಮಾರ್ಗಸೂಚಿಯಲ್ಲಿ ಆಪರೇಷನ್‌ಗೆ ಎಣಿಸುತ್ತಿದ್ದ ಗೆರೆ ಇಬ್ಬರಿಗೂ ಒಂದೇ, 400. ಆ ಪ್ರಕಾರ ಇಬ್ಬರೂ ಗೆರೆಯ ಒಳಗೇ. 2022ರ ಮಾರ್ಗಸೂಚಿ ಗೆರೆಯನ್ನು ಬೇರೆ ಮಾಡಿತು. ಹೆಂಗಸರಿಗೆ 250, ಗಂಡಸರಿಗೆ 300. ಈಗ ಇಬ್ಬರೂ ಹೊರಗೆ. ಅಕ್ಕನ 268ನ್ನು ಗಂಡಸರ ಗೆರೆಗೆ ಹಿಡಿದಿದ್ದರೆ ಮತ್ತೆ 'ನಾರ್ಮಲ್' ಅಂತ ಬರುತ್ತಿತ್ತು.

ಇದೇ ಮೂತ್ರದಿಂದ ಇನ್ನೊಂದು ಅನುಮಾನವೂ ಹೋಯಿತು. ಕೆಲವು ಮನೆತನಗಳಲ್ಲಿ ಹುಟ್ಟಿನಿಂದಲೇ ಕ್ಯಾಲ್ಸಿಯಂ ಸ್ವಲ್ಪ ಮೇಲಿರುತ್ತದೆ, ಮೂತ್ರದಲ್ಲಿ ಮಾತ್ರ ತೀರಾ ಕಡಿಮೆ ಹೋಗುತ್ತದೆ. ಅವರಿಗೆ ಆಪರೇಷನ್ ಮಾಡಿದರೆ ಪ್ರಯೋಜನ ಇಲ್ಲ. ಅದನ್ನು ಹಿಡಿಯಲು ರಕ್ತ-ಮೂತ್ರದ ಕ್ಯಾಲ್ಸಿಯಂನಿಂದ ತೆಗೆಯುವ ಅನುಪಾತ ಅಂಥವರಲ್ಲಿ 0.01ರ ಕೆಳಗೆ ಬರುತ್ತದೆ. ಇವರಿಬ್ಬರದೂ 0.02ಕ್ಕಿಂತ ಮೇಲೆ.

ಮೂಳೆ ಸಾಂದ್ರತೆಗೆ ಡೆಕ್ಸಾ ಮಾಡಿಸಿದರು. ಮೊದಲ ಚೀಟಿಯಲ್ಲಿ ಬೆನ್ನು, ಸೊಂಟ ಮಾತ್ರ ಇತ್ತು. ಎಂಡೋಕ್ರೈನಾಲಜಿಸ್ಟ್ ಮುಂಗೈಯನ್ನೂ ಸೇರಿಸಿದರು. ಈ ಕಾಯಿಲೆ ಮೊದಲು ತಿನ್ನುವುದು ಗಟ್ಟಿ ಹೊರಕವಚದ ಮೂಳೆಯನ್ನು, ಅದು ಜಾಸ್ತಿ ಇರುವುದು ಮುಂಗೈಯಲ್ಲಿ. ಅಕ್ಕನ ಟಿ-ಸ್ಕೋರ್ ಬೆನ್ನಿನಲ್ಲಿ -2.2, ಸೊಂಟದಲ್ಲಿ -2.0, ಮುರಿಯದ ಎಡ ಮುಂಗೈಯಲ್ಲಿ -3.4. -2.5 ಅಥವಾ ಅದಕ್ಕಿಂತ ಕೆಳಗೆ ಅಂದರೆ ಆಸ್ಟಿಯೋಪೊರೋಸಿಸ್. ಮುಂಗೈ ಬಿಟ್ಟಿದ್ದರೆ 'ಸ್ವಲ್ಪ ಸವೆತ' ಅಂತ ಬರೆದು ಮುಗಿಸುತ್ತಿದ್ದರು. ತಮ್ಮನಿಗೆ 50 ತುಂಬಿಲ್ಲವಾದ್ದರಿಂದ ಟಿ-ಸ್ಕೋರ್ ಅಲ್ಲ, ಅದೇ ವಯಸ್ಸಿನವರ ಜೊತೆ ಹೋಲಿಸುವ ಜೆಡ್-ಸ್ಕೋರ್ ನೋಡಬೇಕು. ಅದು -1.1. ಅವರ ಮೂಳೆ ಗಟ್ಟಿ ಇತ್ತು, ಕಿಡ್ನಿ ಪೆಟ್ಟು ತಿಂದಿತ್ತು. ಅಕ್ಕನದು ಇದಕ್ಕೆ ತದ್ವಿರುದ್ಧ.

ಇಬ್ಬರಿಗೂ ಇದೆ ಅಂದಾಗ

ಇಲ್ಲಿಗೆ ಬರುವಷ್ಟರಲ್ಲಿ ತಮ್ಮನ ಆಪರೇಷನ್‌ಗೆ ದಿನ ಗೊತ್ತಾಗಿತ್ತು. ಸರ್ಜನ್ ಅದನ್ನು ತಡೆದರು. ಮನೆಯವರಿಗೆ ಸಿಟ್ಟು ಬಂತು, ಭಾವನವರಂತೂ ಫೋನಿನಲ್ಲೇ ಜೋರು ಮಾಡಿದರು. ಸರ್ಜನ್ ಮಾಡಿದ್ದೇ ಸರಿ.

ಒಂದೇ ಮನೆಯಲ್ಲಿ ಇಬ್ಬರಿಗೆ ಬಂದರೆ ವಂಶವಾಹಿಯ ಅನುಮಾನ ಬರಲೇಬೇಕು. ಮೆನ್-1 ಎಂಬ ವಂಶವಾಹಿ ಕಾಯಿಲೆಯಲ್ಲಿ ಪ್ಯಾರಾಥೈರಾಯ್ಡ್ ಜೊತೆ ಮೇದೋಜೀರಕ ಮತ್ತು ಪಿಟ್ಯುಟರಿ ಗ್ರಂಥಿಗಳಲ್ಲೂ ಗೆಡ್ಡೆ ಬರಬಹುದು. ಅಂಥ ಕೆಲವು ಗೆಡ್ಡೆಗಳು ಹೊಟ್ಟೆಯಲ್ಲಿ ಆಸಿಡ್ ಏರಿಸಿ ಹುಣ್ಣು ಮಾಡುತ್ತವೆ, ಹೊಟ್ಟೆ ಹುಣ್ಣಿನ ಪ್ರಶ್ನೆ ಅದಕ್ಕೇ. ಅಪ್ಪನಿಂದಲೋ ಅಮ್ಮನಿಂದಲೋ ಮಗುವಿಗೆ ಬರುವ ಸಾಧ್ಯತೆ ಅರ್ಧಕ್ಕರ್ಧ, ಗಂಡು ಹೆಣ್ಣು ಎಂಬ ಭೇದ ಇಲ್ಲ. ಅದರಲ್ಲಿ ನಾಲ್ಕೂ ಗ್ರಂಥಿಗಳು ಕೆಡುತ್ತವೆ. ಒಂದನ್ನೇ ತೆಗೆದು ಬಂದರೆ ಕಾಯಿಲೆ ಮರಳುತ್ತದೆ. ಸಾಮಾನ್ಯವಾಗಿ ಮೂರೂವರೆ ಗ್ರಂಥಿ ತೆಗೆಯುತ್ತಾರೆ. ಅಂದರೆ ಜೀನ್ ರಿಪೋರ್ಟಿನ ಮೇಲೆ ಆಪರೇಷನ್ನೇ ಬೇರೆಯಾಗುತ್ತದೆ.

ಇಬ್ಬರ ರಕ್ತವೂ ಹೋಯಿತು. ಪರೀಕ್ಷಿಸಿದ ಜೀನುಗಳಲ್ಲಿ ದೋಷ ಸಿಗಲಿಲ್ಲ. ಅದರಿಂದ ಪೂರ್ತಿ ನಿಶ್ಚಿಂತೆ ಏನಿಲ್ಲ, ಜೀನ್ ದೋಷ ಸಿಗದೆಯೂ ಕೆಲವು ಮನೆಗಳಲ್ಲಿ ಇದು ಬರುತ್ತದೆ. ಹಾಗಾಗಿ ಸ್ಕ್ಯಾನ್ ತೋರಿಸಿದ ಜಾಗ ಮಾತ್ರ ತೆರೆಯುವುದು ಬೇಡ, ಇಬ್ಬರಲ್ಲೂ ನಾಲ್ಕೂ ಗ್ರಂಥಿ ಕಣ್ಣಾರೆ ನೋಡೋಣ ಎಂದು ಸರ್ಜನ್ ತೀರ್ಮಾನಿಸಿದರು.

ಟೇಬಲ್ ಮೇಲೆ

ತಮ್ಮನದು ಮೊದಲು, ಎರಡು ವಾರದ ಮೇಲೆ ಅಕ್ಕನದು. ಒಬ್ಬರೇ ಸರ್ಜನ್, ಒಂದೇ ಥಿಯೇಟರ್. ಗಂಟಲ ಬುಡದಲ್ಲಿ ಸಣ್ಣ ಗಾಯ. ಇಬ್ಬರಲ್ಲೂ ಕೆಟ್ಟದ್ದು ಒಂದೇ ಗ್ರಂಥಿ. ತಮ್ಮನದು ಎಡ ಕೆಳಗಿನದು, 1.7 ಗ್ರಾಂ. ಅಕ್ಕನದು ಬಲ ಕೆಳಗಿನದು, 0.8 ಗ್ರಾಂ. ಗಂಡಸರಲ್ಲಿ ಗ್ರಂಥಿ ದೊಡ್ಡದಿರುವುದು ಹೆಚ್ಚು ಎಂದು ಸರ್ಜನ್‌ಗಳು ಹೇಳುವುದು ಇಲ್ಲೂ ಹೊಂದಿತು.

ಗ್ರಂಥಿ ತೆಗೆದ ಹತ್ತು ನಿಮಿಷಕ್ಕೆ ಟೇಬಲ್ ಮೇಲಿರುವಾಗಲೇ ಮತ್ತೆ ಪಿಟಿಎಚ್ ನೋಡುತ್ತಾರೆ. ರಕ್ತದಲ್ಲಿ ಅದರ ಅರ್ಧಾಯುಷ್ಯ ಮೂರರಿಂದ ಐದು ನಿಮಿಷ ಅಷ್ಟೇ. ಅರ್ಧಕ್ಕಿಂತ ಹೆಚ್ಚು ಇಳಿದರೆ ಕೆಲಸ ಆಯಿತು ಎಂದು ಲೆಕ್ಕ. ತಮ್ಮನದು 241ರಿಂದ 38ಕ್ಕೆ, ಅಕ್ಕನದು 194ರಿಂದ 42ಕ್ಕೆ ಇಳಿಯಿತು.

ಪಳಗಿದ ಸರ್ಜನ್ ಕೈಯಲ್ಲಿ ನೂರಕ್ಕೆ 95ಕ್ಕಿಂತ ಜಾಸ್ತಿ ಜನರಿಗೆ ಈ ಆಪರೇಷನ್ ಗುಣ ಕೊಡುತ್ತದೆ. ಆರು ತಿಂಗಳು ಕ್ಯಾಲ್ಸಿಯಂ ಸರಿಯಾಗಿ ಉಳಿದರೆ ಗುಣ ಎಂದು ಲೆಕ್ಕ. ಇದರಲ್ಲಿ ಗಂಡು ಹೆಣ್ಣಿನ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ. ಟೇಬಲ್ ಹತ್ತಿದ ಮೇಲೆ ಇಬ್ಬರೂ ಒಂದೇ. ಹತ್ತುವ ಮೊದಲು ಎಷ್ಟು ಕಾದರು, ಅಷ್ಟರಲ್ಲಿ ಏನೇನು ಕಳೆದುಕೊಂಡರು ಎಂಬುದರಲ್ಲಿ ವ್ಯತ್ಯಾಸ ಇದೆ.

ಹಾಗೆ ನೋಡಿದರೆ ಈ ಆಪರೇಷನ್ನಿನ ಚರಿತ್ರೆಯಲ್ಲಿ ಹೆಸರಾದ ಮೊದಲ ರೋಗಿಗಳು ಗಂಡಸರೇ. 1925ರಲ್ಲಿ ವಿಯೆನ್ನಾದಲ್ಲಿ ಫೆಲಿಕ್ಸ್ ಮಾಂಡ್ಲ್ ಪ್ಯಾರಾಥೈರಾಯ್ಡ್ ಗೆಡ್ಡೆ ತೆಗೆದದ್ದು ಒಬ್ಬ ಟ್ರಾಮ್ ಕಂಡಕ್ಟರ್‌ಗೆ. ಅಮೆರಿಕದ ಹಡಗಿನ ಕ್ಯಾಪ್ಟನ್ ಚಾರ್ಲ್ಸ್ ಮಾರ್ಟೆಲ್‌ಗೆ ಆರು ಸಲ ಕುಯ್ದರೂ ಗೆಡ್ಡೆ ಸಿಗದೆ, 1932ರಲ್ಲಿ ಏಳನೇ ಸಲ ಎದೆಯೊಳಗೆ ಸಿಕ್ಕಿತು. ಅಷ್ಟರಲ್ಲಿ ಮೂಳೆ ಕುಸಿದು ಆಳು ಗಿಡ್ಡ ಆಗಿಬಿಟ್ಟಿದ್ದರು. ಆಗ ಹೆಂಗಸರಿಗೆ ಬರುತ್ತಿರಲಿಲ್ಲವೇ? ಬರುತ್ತಿತ್ತು. 1970ರ ದಶಕದಲ್ಲಿ ಒಂದೇ ಸಲಕ್ಕೆ ಹತ್ತಾರು ಪರೀಕ್ಷೆ ಮಾಡುವ ಯಂತ್ರಗಳು ಬಂದು, ಯಾರೂ ಕೇಳದೆಯೇ ಕ್ಯಾಲ್ಸಿಯಂ ಅಚ್ಚಾಗತೊಡಗಿದಾಗ ಅಮೆರಿಕದಲ್ಲಿ ರೋಗಿಗಳ ಸಂಖ್ಯೆ ಇದ್ದಕ್ಕಿದ್ದ ಹಾಗೆ ಏರಿತು.

ಆಮೇಲೆ

ತಮ್ಮ ಮರುದಿನವೇ ಮನೆಗೆ ಹೋದರು. ಮರುವಾರ ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕೂತರು.

ಅಕ್ಕನಿಗೆ ಎರಡನೇ ದಿನ ತುಟಿಯ ಸುತ್ತ, ಬೆರಳ ತುದಿಯಲ್ಲಿ ಜುಮುಜುಮು. "ಇರುವೆ ಹರಿದ ಹಾಗೆ ಆಗ್ತಿದೆ ಮಾರಾಯ್ರೆ" ಅಂತ ನರ್ಸಿಗೆ ಕನ್ನಡದಲ್ಲೇ ಹೇಳಿದರಂತೆ. ಕ್ಯಾಲ್ಸಿಯಂ 7.6. ಇಷ್ಟು ವರ್ಷ ಲೂಟಿಯಾದ ಮೂಳೆ, ಪಿಟಿಎಚ್ ಇಳಿದ ಕೂಡಲೇ ರಕ್ತದ ಕ್ಯಾಲ್ಸಿಯಂ ಅನ್ನು ಗಬಗಬ ಒಳಗೆ ಎಳೆದುಕೊಳ್ಳುತ್ತದೆ. ಡಾಕ್ಟರುಗಳು ಇದಕ್ಕೆ ಹಸಿದ ಮೂಳೆ ಎಂದೇ ಹೆಸರಿಟ್ಟಿದ್ದಾರೆ. ಮೊದಲೇ ಅಲ್ಕಲೈನ್ ಫಾಸ್ಫಟೇಸ್ (ಮೂಳೆಯ ಕೆಲಸ ಜೋರಾದರೆ ರಕ್ತದಲ್ಲಿ ಏರುವ ಕಿಣ್ವ) ಮೇಲಿದ್ದವರಿಗೆ, ವಿಟಮಿನ್ ಡಿ ಕೊರತೆ ಇದ್ದವರಿಗೆ, ಮೂಳೆ ಸವೆದವರಿಗೆ ಇದರ ಭಯ ಜಾಸ್ತಿ. ಅಕ್ಕನಲ್ಲಿ ಮೂರೂ ಇದ್ದವು. ಡ್ರಿಪ್ಪಿನಲ್ಲಿ ಕ್ಯಾಲ್ಸಿಯಂ ಗ್ಲುಕೊನೇಟ್ ಕೊಟ್ಟರು. ಐದನೇ ದಿನ ಮನೆಗೆ. ಮೂರು ತಿಂಗಳು ಕ್ಯಾಲ್ಸಿಯಂ ಮತ್ತು ಕ್ಯಾಲ್ಸಿಟ್ರಿಯಾಲ್ (ಚುರುಕಾದ ವಿಟಮಿನ್ ಡಿ) ಮಾತ್ರೆ. "ಮೊದಲು ಬೇಡ ಅಂದ್ರಿ, ಈಗ ಬೇಕು ಅಂತೀರಿ" ಎಂದು ಅಕ್ಕ ನನ್ನನ್ನು ದಬಾಯಿಸಿದರು. ನ್ಯಾಯವಾದ ಮಾತೇ.

ಒಂದು ವರ್ಷದ ಲೆಕ್ಕ ಹೀಗಿದೆ. ಇಬ್ಬರ ಕ್ಯಾಲ್ಸಿಯಂ 9.3, 9.5. ತಮ್ಮನಿಗೆ ಹೊಸ ಕಲ್ಲು ಇಲ್ಲ. ಬಲ ಕಿಡ್ನಿಯ ಹಳೆಯ ಎರಡು ಹಾಗೇ ಇವೆ. ಆಪರೇಷನ್ ಆದ ಕೂಡಲೇ ಕಲ್ಲಿನ ಭಯ ಮಾಯ ಆಗುವುದಿಲ್ಲ, ನಿಧಾನಕ್ಕೆ ಇಳಿಯುತ್ತದೆ. ನೀರು ಕುಡಿಯಬೇಕು. ಅಕ್ಕನ ಬೆನ್ನಿನ ಮೂಳೆ -2.2ರಿಂದ -1.8ಕ್ಕೆ ಬಂದಿದೆ. ಮುಂಗೈ -3.4 ಇದ್ದದ್ದು -3.3, ಅಷ್ಟೇ. ಮುಂಗೈ ತಡವಾಗಿ, ಕಡಿಮೆ ಸುಧಾರಿಸುವುದು ಈ ಕಾಯಿಲೆಯಲ್ಲಿ ಮಾಮೂಲು. ಈಸ್ಟ್ರೋಜನ್ ಅಂತೂ ವಾಪಸ್ ಬರುವುದಿಲ್ಲ. ಹಾಗಾಗಿ ಮೂಳೆಗೆ ವರ್ಷಕ್ಕೊಂದು ಇಂಜೆಕ್ಷನ್ ಬೇಕೇ ಎಂಬ ಮಾತು ನಡೆದಿದೆ. ಮಲಬದ್ಧತೆ ಹೋಗಿದೆ, ನಿದ್ದೆಯ ಗುಳಿಗೆ ಬಿಟ್ಟಿದ್ದಾರೆ. ಮಂಡಿನೋವು ಇದ್ದ ಹಾಗೇ ಇದೆ. ಅದು ನಿಜವಾಗಿಯೂ ವಯಸ್ಸಿನದ್ದೇ ಇರಬಹುದು. ಸುಸ್ತು, ಮನಸ್ಸಿನ ಭಾರ ಎಲ್ಲರಿಗೂ ಒಂದೇ ಸಮ ಇಳಿಯುವುದಿಲ್ಲ, ಅಕ್ಕನಿಗೆ ಅರ್ಧ ಇಳಿದಿದೆ.

ಖಾಸಗಿ ಆಸ್ಪತ್ರೆಯ ಬಿಲ್ಲು ಕಟ್ಟಲಾಗದವರು ಕೇಳುತ್ತಾರೆ, ಅದಕ್ಕೆ ಹೇಳುತ್ತೇನೆ: ಪರೇಲಿನಲ್ಲಿ ಮುಂಬೈ ಮಹಾನಗರಪಾಲಿಕೆ ನಡೆಸುವ ಕೆಇಎಂ ಆಸ್ಪತ್ರೆಯಲ್ಲಿ ಎಂಡೋಕ್ರೈನಾಲಜಿ ವಿಭಾಗ ಇದೆ. ಕ್ಯೂ ಉದ್ದ, ಬೆಳಗ್ಗೆ ಬೇಗ ಹೋಗಿ. ಹಳೆಯ ರಿಪೋರ್ಟುಗಳನ್ನೆಲ್ಲ ಒಯ್ಯಿರಿ. ಎರಡು-ಮೂರು ವರ್ಷದ ಹಿಂದಿನ ಕ್ಯಾಲ್ಸಿಯಂ ಎಷ್ಟಿತ್ತು ಎಂಬುದು ಅಲ್ಲಿ ಕೆಲಸಕ್ಕೆ ಬರುತ್ತದೆ.

ಇಬ್ಬರೂ ಈಗ ವರ್ಷಕ್ಕೊಮ್ಮೆ ಕ್ಯಾಲ್ಸಿಯಂ ನೋಡಿಸಬೇಕು, ಇದು ಕೊನೆಯವರೆಗೂ. ಇಬ್ಬರ ಮಕ್ಕಳಿಗೂ ಒಮ್ಮೆ ನೋಡಿಸಿ ಎಂದು ಡಾಕ್ಟರ್ ಬರೆದುಕೊಟ್ಟಿದ್ದಾರೆ. ಅಕ್ಕನ ಮಗಳು ಮುಂದಿನ ಶನಿವಾರವೇ ಬಂದು ರಕ್ತ ಕೊಟ್ಟಳು, 9.4. ತಮ್ಮನ ಮಗಳದು 9.6. ಅಕ್ಕನ ಮಗನಿಗೆ ಮೂರು ಸಲ ಫೋನ್ ಮಾಡಿದೆ. "ನನಗೇನೂ ಆಗಿಲ್ಲ ಅಣ್ಣಾ, ಕಲ್ಲು ಬಂದರೆ ಬರ್ತೀನಿ" ಅಂದ.